ಕೋಳಿಮೊಟ್ಟೆಯ ಕ್ಯಾಂಡ್ಲರ್ ಕಾಡುಹಕ್ಕಿಯ ಮೊಟ್ಟೆಗೆ ಎಷ್ಟು ಒಗ್ಗುತ್ತದೆ: ಒಂದು ವಿಮರ್ಶೆ

ಹ್ಯಾಚರಿಗಳಲ್ಲಿಯೂ ನಾಟಿಕೋಳಿ ಸಾಕುವವರ ಮನೆಗಳಲ್ಲಿಯೂ, ಕಾವಿಗೆ ಕೂರಿಸಿದ ಮೊಟ್ಟೆಯೊಳಗೆ ಮರಿ ಕಟ್ಟಿದೆಯೇ ಎಂದು ಪರೀಕ್ಷಿಸಲು ಬಳಸುವ ಎಲ್‌ಇಡಿ ಕ್ಯಾಂಡ್ಲರ್ ಈಗ ಆನ್‌ಲೈನ್ ಅಂಗಡಿಗಳಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುತ್ತದೆ. ಹೆಸರು ಬೇರೆ ಬೇರೆಯಾದರೂ ವಸ್ತು ಬಹುಮಟ್ಟಿಗೆ ಒಂದೇ: ಅಂಗೈಯಷ್ಟು ಉದ್ದದ ಪ್ಲಾಸ್ಟಿಕ್ ಹಿಡಿ, ಅದರ ತುದಿಯಲ್ಲಿ ಪ್ರಖರವಾದ ಒಂದು ಬಿಳಿ ದೀಪ, ದೀಪದ ಸುತ್ತ ಮೊಟ್ಟೆಯ ದಪ್ಪ ತುದಿಯನ್ನು ಒರಗಿಸಲು ಒಂದು ರಬ್ಬರ್ ಬಟ್ಟಲು. ನಾನು ಕೊಂಡದ್ದು ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುವ ಮಾದರಿ. ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಕೋಳಿ ಸಾಕುವವರಿಗೆ ಇದು ಉಪಯುಕ್ತವೆಂಬುದರಲ್ಲಿ ಅನುಮಾನವಿಲ್ಲ. ಅದನ್ನು ಹೇಳಲು ಇನ್ನೊಂದು ವಿಮರ್ಶೆ ಬೇಕಾಗಿಲ್ಲ. ಅನುಮತಿ ಪಡೆದು ಕಾಡುಹಕ್ಕಿಗಳ ಗೂಡುಗಳನ್ನು ಅಧ್ಯಯನ ಮಾಡುವವರಿಗೆ, ಮತ್ತು ಕಡಿದ ಮರದ ಪೊಟರೆಯಿಂದ ತಂದುಕೊಟ್ಟ ಮೊಟ್ಟೆಗಳನ್ನು ಉಳಿಸಲು ಹೆಣಗುವ ಪುನರ್ವಸತಿ ಕೇಂದ್ರಗಳಿಗೆ, ಮೊಟ್ಟೆಗೆ ಎಷ್ಟು ದಿನ ಕಾವು ಸಿಕ್ಕಿದೆ ಎಂದು ಅಂದಾಜಿಸಲು ಈ ಉಪಕರಣ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲಿಗೆ ಕಾನೂನಿನ ಮಾತು, ಏಕೆಂದರೆ ಇದನ್ನು ಕೊನೆಗೆ ಇಟ್ಟರೆ ಓದದೆ ಬಿಡುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬುದನ್ನು ವಿವರಿಸುವಾಗ, ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನು ಮಾತ್ರವಲ್ಲ, ಮೊಟ್ಟೆಗಳಿಗೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಅದರೊಳಗೆ ಸೇರಿಸಿದೆ. ಆದ್ದರಿಂದ ಮನೆಯ ಕಿಟಕಿಯ ಮೇಲೆ ಪಾರಿವಾಳವೋ ಬುಲ್‌ಬುಲ್ಲೋ ಗೂಡು ಕಟ್ಟಿದೆ ಎಂಬ ಕುತೂಹಲಕ್ಕೆ ಈ ದೀಪವನ್ನು ಕೊಳ್ಳಬೇಡಿ. ಸಂಶೋಧನೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಪತ್ರ ಬೇಕು, ಮತ್ತು ಆ ಪತ್ರದಲ್ಲಿ ಮೊಟ್ಟೆಯನ್ನು ಮುಟ್ಟುವ ವಿಷಯ ಸ್ಪಷ್ಟವಾಗಿ ಬರೆದಿರಬೇಕು. ಗೂಡನ್ನು ಸುಮ್ಮನೆ ನೋಡಬೇಕೆನ್ನುವವರಿಗೆ ದೂರದಿಂದ ಒಂದು ದುರ್ಬೀನು ಸಾಕು. ತಾಯಿಹಕ್ಕಿ ಕಾವು ಬಿಟ್ಟು ಆಹಾರ ತರಲು ಶುರುಮಾಡಿದ ದಿನವೇ ಮರಿ ಹೊರಬಂದದ್ದು ತಿಳಿಯುತ್ತದೆ.

ಮೊಟ್ಟೆಯ ವಯಸ್ಸು ತಿಳಿಯುವುದು ಏಕೆ ಬೇಕು? ಗೂಡು ನಮ್ಮ ಕಣ್ಣಿಗೆ ಬೀಳುವುದು ಮೊದಲ ಮೊಟ್ಟೆ ಇಟ್ಟ ದಿನವಲ್ಲ; ಎಲ್ಲೋ ನಡುವೆ. ಮೊದಲ ವಾರದಲ್ಲೇ ನಾಯಿಯ, ಮುಂಗುಸಿಯ ಪಾಲಾದ ಗೂಡುಗಳು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಉಳಿದುಕೊಂಡ ಗೂಡುಗಳನ್ನಷ್ಟೇ ಎಣಿಸಿ ಯಶಸ್ಸಿನ ಪ್ರಮಾಣ ಹೇಳಿದರೆ ಅದು ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ. ಅಮೆರಿಕದ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಗೂಡು ನಮ್ಮ ಗಮನದಲ್ಲಿದ್ದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ದಿನವೊಂದಕ್ಕೆ ಗೂಡು ಉಳಿಯುವ ಸಂಭವವನ್ನು ಕಂಡುಕೊಳ್ಳುವ ವಿಧಾನವನ್ನು ಕೊಟ್ಟರು. ದಿನಕ್ಕೆ ಶೇ. 97ರಷ್ಟು ಉಳಿವು ಎಂದರೆ ಕೇಳಲು ಹಿತವಾಗಿಯೇ ಇದೆ. ಆದರೆ 28 ದಿನ ಕಾವು ಬೇಡುವ ಹಕ್ಕಿಗೆ ಅದೇ ಲೆಕ್ಕ ಮುಂದುವರಿದರೆ ಕೊನೆಗೆ ಮರಿಯಾಗುವ ಗೂಡುಗಳು ಶೇ. 43 ಮಾತ್ರ. ಮೊಟ್ಟೆಯ ವಯಸ್ಸು ಗೊತ್ತಿದ್ದರೆ ಮರಿಯಾಗುವ ದಿನವನ್ನು ಮೊದಲೇ ಊಹಿಸಿ ಆ ದಿನದ ಆಸುಪಾಸಿನಲ್ಲಿ ಮಾತ್ರ ಗೂಡಿನ ಬಳಿ ಹೋಗಬಹುದು. ಖಾಲಿ ಗೂಡು ಕಂಡಾಗ ಮರಿಗಳು ನಡೆದುಹೋದವೋ, ಬೇರೆ ಯಾವುದೋ ಪ್ರಾಣಿ ತಿಂದುಹೋಯಿತೋ ಎಂಬುದನ್ನೂ ನಿರ್ಧರಿಸಬಹುದು. ಗೂಡಿಗೆ ಹೋಗುವ ಸಲಗಳನ್ನು ಕಡಿಮೆ ಮಾಡುವುದೇ ಈ ಅಂದಾಜಿನ ಮುಖ್ಯ ಪ್ರಯೋಜನ. ಹಾಗಾಗಿ ಯಾವ ಉಪಕರಣವನ್ನಾದರೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಇದು ನನ್ನನ್ನು ಗೂಡಿನಿಂದ ಬೇಗ ಎಬ್ಬಿಸಿ ಕಳುಹಿಸುತ್ತದೆಯೇ, ಇಲ್ಲ ಅಲ್ಲಿಯೇ ಕೂರಿಸಿಕೊಳ್ಳುತ್ತದೆಯೇ?

ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳ ಬಿಳಿ ಮೊಟ್ಟೆಗಳ ವಿಷಯದಲ್ಲಿ ಈ ಕ್ಯಾಂಡ್ಲರ್ ಆ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುತ್ತದೆ. ಗಿಳಿ, ಗೂಬೆ, ಮಿಂಚುಳ್ಳಿ, ಕುಟ್ರು ಹಕ್ಕಿಗಳ ಮೊಟ್ಟೆಗೆ ಬಣ್ಣವಿರುವುದಿಲ್ಲ, ಚಿಪ್ಪು ಬೆಳಕನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಪುನರ್ವಸತಿ ಕೇಂದ್ರವೊಂದಕ್ಕೆ ಬಂದ ಗುಲಾಬಿ ಕೊರಳಿನ ಗಿಳಿಯ ಮೊಟ್ಟೆಗಳನ್ನು ದೀಪ ಆರಿಸಿದ ಕೋಣೆಯಲ್ಲಿ ನೋಡಿದಾಗ ಕಂಡದ್ದನ್ನು ಇಲ್ಲಿ ಕೊಂಚ ವಿವರವಾಗಿಯೇ ಹೇಳುತ್ತೇನೆ. ದಪ್ಪ ತುದಿಗೆ ದೀಪ ಒರಗಿಸಿದ ಕೂಡಲೇ ಮೊಟ್ಟೆಯಿಡೀ ಕಿತ್ತಳೆ ಬಣ್ಣದಲ್ಲಿ ಬೆಳಗಿತು. ತುದಿಯಲ್ಲಿ ಗಾಳಿಕೋಶದ, ಅಂದರೆ ಚಿಪ್ಪಿನೊಳಗೆ ಗಾಳಿ ತುಂಬಿದ ಜಾಗದ, ಅಂಚು ಪೆನ್ಸಿಲ್ಲಿನಲ್ಲಿ ಎಳೆದ ವೃತ್ತದಂತೆ ಸ್ಪಷ್ಟವಾಗಿತ್ತು. ಅದರ ಕೆಳಗೆ ಒಂದು ಕಡೆಯಿಂದ ಹೊರಟ ಕೆಂಪು ರಕ್ತನಾಳಗಳು ಕವಲೊಡೆಯುತ್ತಾ ಚಿಪ್ಪಿನ ಒಳಮೈಯ ಅರ್ಧದಷ್ಟನ್ನು ಹಬ್ಬಿದ್ದವು. ಕವಲುಗಳು ಕೂಡುವಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ; ಅದು ಭ್ರೂಣದ ಕಣ್ಣು. ಕ್ಷಣಕಾಲ ಕದಲದೆ ಹಿಡಿದಾಗ ಆ ಚುಕ್ಕೆ ಒಮ್ಮೆ ತಾನಾಗಿಯೇ ಸರಿದು ಮತ್ತೆ ನಿಂತಿತು. ಅದೇ ಗೂಡಿನ ಇನ್ನೊಂದು ಮೊಟ್ಟೆಯಲ್ಲಿ ನಾಳಗಳು ಇನ್ನೂ ನಡುವಿನಲ್ಲೇ ಇದ್ದವು, ಕಣ್ಣು ಕಾಣುತ್ತಿರಲಿಲ್ಲ. ಮತ್ತೊಂದರಲ್ಲಿ ನಾಳಗಳೇ ಇರಲಿಲ್ಲ. ಹಳದಿಯ ಮಸುಕು ನೆರಳು ಮಾತ್ರ ಮೊಟ್ಟೆಯನ್ನು ಹೊರಳಿಸಿದಂತೆ ತೇಲಾಡುತ್ತಿತ್ತು. ಇಷ್ಟನ್ನು ತಿಳಿಯಲು ಒಂದೊಂದು ಮೊಟ್ಟೆಗೆ ಹಿಡಿದದ್ದು ಕೆಲವೇ ಸೆಕೆಂಡು.

ಕಂಡದ್ದನ್ನು ದಿನಗಳಿಗೆ ಹೇಗೆ ಹೊಂದಿಸಬೇಕು ಎಂಬಲ್ಲಿ ಕೊಂಚ ಎಚ್ಚರ ಬೇಕು. ಕ್ಯಾಂಡ್ಲರ್ ಜೊತೆಗೆ ಬರುವ ಚಿತ್ರಪಟ 21 ದಿನಕ್ಕೆ ಒಡೆಯುವ ಕೋಳಿಮೊಟ್ಟೆಯದು. ಕೋಳಿಯಲ್ಲಿ ನಾಲ್ಕನೆಯ ದಿನದ ಹೊತ್ತಿಗೆ ಜೇಡರ ಬಲೆಯ ಹಾಗೆ ನಾಳಗಳು ಕಾಣುತ್ತವೆ, ಹದಿನೆಂಟನೆಯ ದಿನಕ್ಕೆ ಗಾಳಿಕೋಶವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರುತ್ತದೆ. ಬೇರೆ ಹಕ್ಕಿಗೆ ಈ ದಿನಗಳನ್ನೇ ನೇರವಾಗಿ ಹಚ್ಚದೆ, ಒಟ್ಟು ಕಾವಿನ ಅವಧಿಯಲ್ಲಿ ಎಷ್ಟನೇ ಪಾಲು ಕಳೆದಿದೆ ಎಂದು ಲೆಕ್ಕ ಹಾಕಬೇಕು. ಗಿಳಿಗೆ ಆ ಅವಧಿ 22ರಿಂದ 24 ದಿನ, ಕಣಜ ಗೂಬೆಗೆ ಒಂದು ತಿಂಗಳಿನ ಆಸುಪಾಸು, ಗುಬ್ಬಚ್ಚಿಗೆ ಎರಡು ವಾರಕ್ಕೂ ಕಡಿಮೆ. ಮೊದಲರ್ಧದಲ್ಲಿ ಈ ಪಾಲಿನ ಲೆಕ್ಕ ಸಾಕಷ್ಟು ನಂಬುವಂತಿದೆ, ಏಕೆಂದರೆ ಎಲ್ಲ ಹಕ್ಕಿಗಳ ಭ್ರೂಣವೂ ಆರಂಭದಲ್ಲಿ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬೆಳೆಯುತ್ತದೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಲೆಕ್ಕ ಸಡಿಲವಾಗುತ್ತದೆ: ಮೊಟ್ಟೆಯೊಳಗೆಲ್ಲ ಒಂದೇ ಕತ್ತಲೆ, ನೋಡಲು ಉಳಿಯುವುದು ಗಾಳಿಕೋಶದ ಗಾತ್ರ ಮತ್ತು ಅದರ ಓರೆಯಾದ ಅಂಚು ಮಾತ್ರ. ಒಡೆಯಲು ಒಂದೆರಡು ದಿನವಿರುವಾಗ ಗಾಳಿಕೋಶದೊಳಕ್ಕೆ ಮರಿಯ ಕೊಕ್ಕಿನ ನೆರಳು ಚಾಚಿಕೊಂಡು ಅಲುಗುವುದು ಕಂಡರೆ ಮತ್ತೆ ಅಂದಾಜು ಖಚಿತವಾಗುತ್ತದೆ.

ಗಿಳಿಯ ಒಂದೇ ಗೂಡಿನಲ್ಲಿ ಮೂರು ಬೇರೆ ಬೇರೆ ಹಂತಗಳು ಕಂಡದ್ದು ಆಕಸ್ಮಿಕವಲ್ಲ. ಗಿಳಿ, ಗೂಬೆಗಳು ಎಲ್ಲ ಮೊಟ್ಟೆ ಇಟ್ಟು ಮುಗಿಯುವ ಮೊದಲೇ ಕಾವಿಗೆ ಕೂರುತ್ತವೆ. ಕಣಜ ಗೂಬೆ ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆ ಇಡುವುದರಿಂದ ಐದು ಮೊಟ್ಟೆಗಳ ಗೂಡಿನಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತು ದಿನದವರೆಗೆ ಅಂತರ ಬೀಳಬಹುದು. ಇಂಥ ಕಡೆ ಒಂದು ಮೊಟ್ಟೆ ನೋಡಿ ಇಡೀ ಗೂಡಿನ ವಯಸ್ಸು ಹೇಳುವುದು ತಪ್ಪು; ಎಲ್ಲವನ್ನೂ ನೋಡಲೇಬೇಕು, ಮತ್ತು ಇನ್ಕ್ಯುಬೇಟರಿನಲ್ಲಿಟ್ಟ ಮೇಲೆ ಒಂದೊಂದಕ್ಕೂ ಬೇರೆ ತಾರೀಖು ಬರೆದುಕೊಳ್ಳಬೇಕು. ಒಡೆಯುವ ಮುನ್ನಿನ ಕೊನೆಯ ಕೆಲ ದಿನ ಮೊಟ್ಟೆಯನ್ನು ಹೊರಳಿಸುವುದನ್ನು ನಿಲ್ಲಿಸಿ ತೇವಾಂಶ ಹೆಚ್ಚಿಸಬೇಕಾಗುತ್ತದೆ. ಆ ದಿನ ಯಾವುದೆಂದು ತಿಳಿಯಲು ಈ ತಾರೀಖಲ್ಲದೆ ಬೇರೆ ಆಧಾರವಿಲ್ಲ. ಕೇಂದ್ರಗಳಿಗೆ ಈ ಉಪಕರಣವನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುವುದು ಇದಕ್ಕಾಗಿಯೇ.

ಬಯಲಿನಲ್ಲಿ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ವಿಷಯಕ್ಕೆ ಬಂದರೆ ಇದೇ ಮಾತನ್ನು ಹೇಳಲಾರೆ. ನಮ್ಮ ಬಯಲುಸೀಮೆಯ ಬತ್ತಿದ ಕೆರೆಯಂಗಳಗಳಲ್ಲಿ, ಬೀಳು ಹೊಲಗಳಲ್ಲಿ ಬೇಸಿಗೆಯಲ್ಲಿ ಮೊಟ್ಟೆ ಇಡುವ ಕೆಂಪು ಟಿಟ್ಟಿಭವನ್ನೇ ತೆಗೆದುಕೊಳ್ಳೋಣ. ಬೆಣಚುಕಲ್ಲು, ಒಣಗಿದ ಕುರಿಹಿಕ್ಕೆಗಳ ನಡುವಿನ ಒಂದು ಸಣ್ಣ ಗುಳಿಯಲ್ಲಿ ಮೂರು ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ದಟ್ಟವಾದ ಕಪ್ಪು ಮಚ್ಚೆಗಳು. ಆ ಮಚ್ಚೆಗಳೇ ಅವುಗಳ ರಕ್ಷಣೆ, ಮತ್ತು ಅವೇ ಕ್ಯಾಂಡ್ಲರ್‌ಗೆ ಅಡ್ಡಿ. ಚಿಪ್ಪಿನ ಕಂದು ಕಪ್ಪು ಬಣ್ಣಕ್ಕೆ ಕಾರಣವಾದ ಪ್ರೊಟೊಪೋರ್ಫಿರಿನ್ ಬೆಳಕನ್ನು ಹೀರಿಬಿಡುತ್ತದೆ. ಮಚ್ಚೆಗಳು ಹೆಚ್ಚಾಗಿರುವುದೂ ನಾವು ಗಾಳಿಕೋಶ ನೋಡಬೇಕೆನ್ನುವ ದಪ್ಪ ತುದಿಯಲ್ಲೇ. ಗಾಢ ಬಣ್ಣದ ಚಿಪ್ಪಿನೊಳಗೂ ಕಾಣಿಸುತ್ತದೆ ಎಂದು ಮಾರಾಟಗಾರರು ಬರೆದಿರುವುದು ಒಂದೇ ಸಮನಾದ ಕಂದು ಬಣ್ಣದ ಕೋಳಿಮೊಟ್ಟೆಗೆ ನಿಜವಿರಬಹುದು. ಟಿಟ್ಟಿಭದ ಮೊಟ್ಟೆಯಲ್ಲಿ ಮಚ್ಚೆಗಳ ಸಂದಿನಿಂದ ಮಂಕು ಬೆಳಕಿನ ತೇಪೆಗಳು ಕಾಣುತ್ತವೆಯೇ ಹೊರತು ನಾಳ ಯಾವುದು, ಮಚ್ಚೆಯ ನೆರಳು ಯಾವುದು ಎಂದು ಬಿಡಿಸಲಾಗುವುದಿಲ್ಲ. ಮೇಲಾಗಿ ಹಗಲ ಬಯಲಿನಲ್ಲಿ ಕತ್ತಲೆ ಮಾಡಿಕೊಳ್ಳಲು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಕೂರಬೇಕು. ಜೋಡಿಹಕ್ಕಿಗಳು ತಲೆಯ ಮೇಲೆ ಕೂಗುತ್ತಾ ಸುತ್ತುತ್ತಿರುವಾಗ, ಕಾಗೆಗಳು ಆ ಕೂಗಿಗೆ ಕಿವಿಗೊಟ್ಟಿರುವಾಗ, ಅಷ್ಟು ಹೊತ್ತು ಅಲ್ಲಿ ಕೂರುವುದು ಸಲ್ಲದು.

ಇನ್ನೊಂದು ಅಪಾಯ ಬಿಸಿಲಿನದು. ಟಿಟ್ಟಿಭಗಳು ಬಿರುಬಿಸಿಲಿನಲ್ಲಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತವೆ. ಬೇಸಿಗೆಯ ಮಧ್ಯಾಹ್ನ ಅವು ಗೂಡಿನ ಮೇಲೆ ಕೂರುವುದು ಮೊಟ್ಟೆಗೆ ಶಾಖ ಕೊಡಲಿಕ್ಕಿಂತ ಹೆಚ್ಚಾಗಿ ನೆರಳು ಕೊಡಲಿಕ್ಕೆ. ಭ್ರೂಣ ತಂಪನ್ನು ಕೊಂಚ ಹೊತ್ತು ತಾಳಿಕೊಳ್ಳುತ್ತದೆ, ಅತಿಶಾಖವನ್ನು ತಾಳುವುದಿಲ್ಲ. ಹೀಗಾಗಿ ಬಯಲುಗೂಡಿನ ಯಾವ ಪರೀಕ್ಷೆಯನ್ನಾದರೂ ಬೆಳಗಿನ ತಂಪಿನಲ್ಲಿ ಇಲ್ಲವೇ ಇಳಿಹೊತ್ತಿನಲ್ಲಿ ಮಾತ್ರ ಮಾಡಬೇಕು.

ಇಂಥ ಮೊಟ್ಟೆಗಳಿಗೆ ಕ್ಯಾಂಡ್ಲರ್‌ಗಿಂತ ಒಂದು ಪಾರದರ್ಶಕ ಲೋಟದ ನೀರೇ ಮೇಲು. ಕಾವಿನ ದಿನಗಳುದ್ದಕ್ಕೂ ಚಿಪ್ಪಿನ ಸೂಕ್ಷ್ಮರಂಧ್ರಗಳಿಂದ ಮೊಟ್ಟೆಯೊಳಗಿನ ನೀರು ಆವಿಯಾಗಿ ಹೋಗುತ್ತಿರುತ್ತದೆ. ಆ ಜಾಗದಲ್ಲಿ ಗಾಳಿ ತುಂಬುತ್ತದೆ. ಒಡೆಯುವ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದ ಶೇ. 15ರಷ್ಟನ್ನು ಕಳೆದುಕೊಂಡಿರುತ್ತದೆ. ಗಾತ್ರ ಬದಲಾಗದೆ ತೂಕ ಮಾತ್ರ ಇಳಿಯುವುದರಿಂದ, ಮುಳುಗುತ್ತಿದ್ದ ಮೊಟ್ಟೆ ಒಂದು ದಿನ ತೇಲಲೇಬೇಕು. ಹೊಸ ಮೊಟ್ಟೆ ಲೋಟದ ತಳದಲ್ಲಿ ಅಡ್ಡಲಾಗಿ ಮಲಗುತ್ತದೆ. ಕೆಲ ದಿನ ಕಳೆದ ಮೊಟ್ಟೆ ಚೂಪು ತುದಿಯನ್ನು ತಳಕ್ಕೆ ಊರಿ ದಪ್ಪ ತುದಿಯನ್ನು ಓರೆಯಾಗಿ ಎತ್ತುತ್ತದೆ. ದಿನ ಕಳೆದಂತೆ ಆ ಓರೆ ಕಡಿದಾಗುತ್ತಾ ಹೋಗಿ, ಅವಧಿಯ ಸುಮಾರು ಮೂರನೇ ಒಂದು ಭಾಗ ಕಳೆಯುವ ಹೊತ್ತಿಗೆ ಮೊಟ್ಟೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ತಳ ಬಿಟ್ಟು ಮೇಲೇಳುತ್ತದೆ, ನೀರಿನಿಂದ ಹೊರಗೆ ಕಾಣುವ ಟೋಪಿಯಂಥ ಭಾಗ ದಿನೇದಿನೇ ಅಗಲವಾಗುತ್ತದೆ. ಬೇಟೆಯಾಡುವ ಜಾತಿಯ ಹಕ್ಕಿಗಳ (ಗೇಮ್ ಬರ್ಡ್) ಮೊಟ್ಟೆಗಳ ವಯಸ್ಸನ್ನು ಹೀಗೆ ಗುರುತಿಸುವುದನ್ನು ವೆಸ್ಟರ್‌ಸ್ಕೋವ್ ಎಂಬ ಸಂಶೋಧಕರು 1950ರಲ್ಲೇ ವಿವರಿಸಿದ್ದರು; ಉತ್ತರಧ್ರುವದ ಬಯಲುಗಳಲ್ಲಿ ಕಡಲಂಚಿನ ಹಕ್ಕಿಗಳ ಗೂಡು ಅಧ್ಯಯನ ಮಾಡುವವರು ಇಂದಿಗೂ ಈ ವಿಧಾನವನ್ನೇ ನೆಚ್ಚಿದ್ದಾರೆ. ಮೊಟ್ಟೆಯ ಬಣ್ಣ, ಮಚ್ಚೆ, ಹಗಲು, ಕತ್ತಲೆ ಯಾವುದೂ ಇದಕ್ಕೆ ಲೆಕ್ಕವಿಲ್ಲ. ಟಿಟ್ಟಿಭ ಮೊಟ್ಟೆಗಳನ್ನೆಲ್ಲ ಇಟ್ಟು ಮುಗಿಸಿದ ಮೇಲೆಯೇ ಸರಿಯಾಗಿ ಕಾವಿಗೆ ಕೂರುವುದರಿಂದ ಒಂದೆರಡು ಮೊಟ್ಟೆ ಪರೀಕ್ಷಿಸಿದರೆ ಸಾಕು, ಉಳಿದವನ್ನು ಮುಟ್ಟಬೇಕಾಗಿಲ್ಲ.

ನೀರಿನ ವಿಧಾನಕ್ಕೂ ತನ್ನದೇ ಆದ ಮಿತಿಗಳಿವೆ. ಓರೆ ಬದಲಾಗುವ ಆರಂಭದ ದಿನಗಳಲ್ಲಿ ಅಂದಾಜು ಬಿಗಿಯಾಗಿರುತ್ತದೆ. ತೇಲಲು ತೊಡಗಿದ ಮೇಲೆ ಅದು ಎರಡು ಮೂರು ದಿನ ಅತ್ತಿತ್ತ ಸರಿಯುವುದನ್ನು ಒಪ್ಪಿಕೊಳ್ಳಬೇಕು. ನೀರು ಕುದಿಸಿ ಆರಿಸಿದ್ದಾಗಿರಬೇಕು, ಉಗುರುಬೆಚ್ಚಗಿರಬೇಕು. ಕೆರೆಯ ನೀರನ್ನೇ ಮೊಗೆದು ಬಳಸಿದರೆ ರಂಧ್ರಗಳ ಮೂಲಕ ಸೋಂಕು ಒಳಸೇರಬಹುದು. ಒಂದು ಗೂಡಿನಲ್ಲಿ ಬಳಸಿದ ನೀರನ್ನು ಇನ್ನೊಂದರಲ್ಲಿ ಬಳಸಬಾರದು. ಮೊಟ್ಟೆಯನ್ನು ತೆಗೆದ ತಕ್ಷಣ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕೇ ಹೊರತು ಉಜ್ಜಬಾರದು. ಚಿಪ್ಪಿನ ಮೇಲೆ ನಕ್ಷತ್ರದಂಥ ಬಿರುಕು ಕಂಡರೆ, ಕಿವಿಗೆ ಹಿಡಿದಾಗ ಒಳಗಿನಿಂದ ಚಿವುಗುಟ್ಟುವ ಸದ್ದು ಬಂದರೆ, ಆ ಮೊಟ್ಟೆಯನ್ನು ಯಾವ ಕಾರಣಕ್ಕೂ ನೀರಿಗೆ ಹಾಕಬಾರದು. ಅದರ ವಯಸ್ಸು ಆಗಲೇ ತಿಳಿದಂತಾಯಿತು.

ಅಳತೆ ಮತ್ತು ತೂಕದಿಂದಲೂ ಅಂದಾಜು ಮಾಡುವವರಿದ್ದಾರೆ. ಡೊನಾಲ್ಡ್ ಹಾಯ್ಟ್ 1979ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಮೊಟ್ಟೆಯ ಗಾತ್ರ ಎಂದರೆ ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ, ಬಂದದ್ದನ್ನು 0.51ರಿಂದ ಗುಣಿಸಿದ್ದು. ಟಿಟ್ಟಿಭದ ಮೊಟ್ಟೆ ಸರಾಸರಿ 42 ಮಿ.ಮೀ. ಉದ್ದ, 30 ಮಿ.ಮೀ. ಅಗಲ, ಲೆಕ್ಕದಲ್ಲಿ 19 ಘನ ಸೆಂಟಿಮೀಟರ್ ಚಿಲ್ಲರೆ. ಒಂದು ತುದಿ ಚೂಪಾದ ಮೊಟ್ಟೆಯಾದ್ದರಿಂದ ನಿಜವಾದ ಗಾತ್ರ ಇದಕ್ಕಿಂತ ಕೊಂಚ ಕಡಿಮೆ. ಕಾವಿನುದ್ದಕ್ಕೂ ಅದು ಕಳೆದುಕೊಳ್ಳುವ ತೂಕ ಮೂರು ಗ್ರಾಂ ಆಸುಪಾಸು. ದಿನವೊಂದಕ್ಕೆ ಗ್ರಾಮಿನ ಹತ್ತನೇ ಒಂದು ಭಾಗದಷ್ಟಿರುವ ಈ ವ್ಯತ್ಯಾಸವನ್ನು ಗಾಳಿ ಬೀಸುವ ಬಯಲಿನಲ್ಲಿ ತಕ್ಕಡಿಯಿಂದ ಹಿಡಿಯುವುದು ಕಷ್ಟ. ಕೇಂದ್ರದ ಮುಚ್ಚಿದ ಕೋಣೆಯಲ್ಲಾದರೆ ಇದು ಸುಲಭ, ಮತ್ತು ಕ್ಯಾಂಡ್ಲರ್‌ಗೆ ಒಳ್ಳೆಯ ಜೊತೆ.

ಮತ್ತೆ ಉಪಕರಣಕ್ಕೆ ಬರೋಣ. ಇದರ ದೊಡ್ಡ ಕೊರತೆ ರಬ್ಬರ್ ಬಟ್ಟಲು. ಅದನ್ನು ಕೋಳಿಮೊಟ್ಟೆಯ ಅಳತೆಗೆ ಮಾಡಿದ್ದಾರೆ. ಮೂರು ಸೆಂಟಿಮೀಟರ್ ಆಸುಪಾಸು ಉದ್ದದ ಗಿಳಿಯ ಮೊಟ್ಟೆಯನ್ನು ಅದರಲ್ಲಿ ಇಟ್ಟರೆ ಸುತ್ತಲಿಂದ ಬೆಳಕು ಚೆಲ್ಲಿ ಕಣ್ಣು ಕೋರೈಸುತ್ತದೆ, ಮೊಟ್ಟೆಯೊಳಗಿನದು ಮಂಕಾಗುತ್ತದೆ. ಬಟ್ಟಲಿನೊಳಗೆ ಕೂರುವಂತೆ ಸೈಕಲ್ ಟ್ಯೂಬಿನ ತುಂಡನ್ನು ದುಂಡಗೆ ಕತ್ತರಿಸಿ, ನಡುವೆ ಚಿಕ್ಕ ತೂತು ಮಾಡಿ ಇಟ್ಟ ಮೇಲೆ ನನಗೆ ಇದು ನಿಜವಾಗಿ ಉಪಯೋಗಕ್ಕೆ ಬಂತು. ಬೇರೆ ಬೇರೆ ಅಳತೆಯ ತೂತಿನ ಎರಡು ಮೂರು ತುಂಡುಗಳನ್ನು ಮಾಡಿಟ್ಟುಕೊಂಡರೆ ಗುಬ್ಬಚ್ಚಿಯಿಂದ ಗೂಬೆಯವರೆಗೆ ಸಾಗುತ್ತದೆ. ಟ್ಯೂಬನ್ನು ಪ್ರತಿ ಸಲವೂ ಸ್ಪಿರಿಟ್ಟಿನಲ್ಲಿ ಒರೆಸಿ, ಆರಿದ ಮೇಲೆಯೇ ಮೊಟ್ಟೆಗೆ ತಾಗಿಸಬೇಕು.

ಶಾಖದ ವಿಷಯದಲ್ಲಿ ಎಲ್‌ಇಡಿ ಹಳೆಯ ಬಲ್ಬುಗಳಿಗಿಂತ ಬಹಳ ವಾಸಿ. ಆದರೂ ದೀಪ ಹೊತ್ತಿಸಿಯೇ ಇಟ್ಟರೆ ಲೋಹದ ಅಂಚು ಬೆಚ್ಚಗಾಗುವುದು ಬೆರಳಿಗೆ ತಿಳಿಯುತ್ತದೆ. ಮೊಟ್ಟೆಯಿಂದ ಮೊಟ್ಟೆಗೆ ಹೋಗುವಾಗ ಆರಿಸುವುದು ಒಳ್ಳೆಯದು. ಇದರ ಗುಂಡಿ ಒತ್ತಿದರೆ ಹೊತ್ತಿ, ಮತ್ತೆ ಒತ್ತಿದರೆ ಆರುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಿ. ಬ್ಯಾಟರಿಯ ಬಗ್ಗೆ ದೂರಿಲ್ಲ.

ವಿದ್ಯುತ್ತೇ ಬೇಡದ ಉಪಾಯವೊಂದಿದೆ. ಅದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಅಮೆರಿಕದ ಮಿಲ್ಟನ್ ವೆಲ್ಲರ್ 1956ರಲ್ಲಿ ಬಾತುಗಳ ಮೊಟ್ಟೆಗಾಗಿ ಸರಳ ಬಯಲು ಕ್ಯಾಂಡ್ಲರ್ ಒಂದನ್ನು ವರ್ಣಿಸಿದ್ದರು. ಅಲ್ಲಿನ ಹುಲ್ಲುಗಾವಲುಗಳಲ್ಲಿ ಬಾತುಗೂಡುಗಳನ್ನು ಎಣಿಸುವವರು ಈಗಲೂ ಒಂದು ಗೇಣುದ್ದದ ಕೊಳವೆಯ ತುದಿಗೆ ಮೊಟ್ಟೆಯನ್ನು ಒತ್ತಿ, ಸೂರ್ಯನ ಕಡೆಗೆ ಹಿಡಿದು, ಇನ್ನೊಂದು ತುದಿಯಿಂದ ನೋಡುತ್ತಾರೆ. ಕೊಳವೆಯೇ ಕತ್ತಲೆ ಕೋಣೆ, ಸೂರ್ಯನೇ ದೀಪ. ಮಚ್ಚೆಯಿಲ್ಲದ ಬಾತುಮೊಟ್ಟೆಗೆ ಇದು ಧಾರಾಳವಾಗಿ ಸಾಕು, ಖರ್ಚೂ ಇಲ್ಲದಷ್ಟು ಅಗ್ಗ. ಮೊಟ್ಟೆ ಮಾತ್ರ ಕೊಳವೆಯನ್ನು ಪೂರ್ತಿ ಮುಚ್ಚಬೇಕು. ಸಂದಿನಿಂದ ಬಿಸಿಲು ನೇರ ಕಣ್ಣಿಗೆ ಬೀಳಬಾರದು.

ಈ ಅಂದಾಜಿನ ಬೆಲೆ ಎಷ್ಟೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ರಾಜಸ್ಥಾನದ ಜೈಸಲ್ಮೇರ್ ಬಳಿಯ ಸಮ್‌ನಲ್ಲಿ 2019ರಿಂದ ಭಾರತೀಯ ವನ್ಯಜೀವಿ ಸಂಸ್ಥೆಯವರು ಎರೆಲಡ್ಡು ಹಕ್ಕಿಯ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ, ಮೊಟ್ಟೆಗಳನ್ನು ಬಯಲಿನಿಂದ ತಂದು ಕೃತಕ ಕಾವಿನಲ್ಲಿ ಮರಿ ಮಾಡಿಸುತ್ತಿದ್ದಾರೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದೂ ಇದೇ ಹಕ್ಕಿ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವ ಇಂಥ ಹಕ್ಕಿಯ ಮೊಟ್ಟೆ ಕೈಗೆ ಬಂದಾಗ, ಅದು ಎಷ್ಟನೆಯ ದಿನದ್ದೆಂದು ತಿಳಿಯದೆ ಇನ್ಕ್ಯುಬೇಟರಿನ ತೇವಾಂಶವನ್ನೂ ಹೊರಳಿಸುವ ಕ್ರಮವನ್ನೂ ನಿಗದಿಪಡಿಸುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಪುನರ್ವಸತಿ ಕೇಂದ್ರಗಳು ಈ ಕ್ಯಾಂಡ್ಲರನ್ನು ಕೊಳ್ಳಲಿ, ಜೊತೆಗೆ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಒಂದು ಚಿಕ್ಕ ತಕ್ಕಡಿ ಇಟ್ಟುಕೊಳ್ಳಲಿ. ಇವೆರಡಿದ್ದರೆ ಬಿಳಿ ಹಾಗೂ ತಿಳಿನೀಲಿ ಮೊಟ್ಟೆಗಳ ವಯಸ್ಸನ್ನು ಒಂದೆರಡು ದಿನದ ಅಂತರದೊಳಗೆ ಹೇಳಬಹುದು. ಪೊಟರೆಯ ಗೂಡುಗಳನ್ನೇ ಅಧ್ಯಯನ ಮಾಡುವವರು ಗಟ್ಟಿ ಹಿಡಿಯ ಈ ಮಾದರಿಯ ಬದಲು, ಬೇಕಾದಂತೆ ಬಾಗುವ ಉದ್ದ ಕುತ್ತಿಗೆಯ ಮಾದರಿಯನ್ನು ನೋಡಲಿ. ಅದಾದರೆ ಮೊಟ್ಟೆಯನ್ನು ಹೊರಗೆ ತೆಗೆಯದೆ ಗೂಡಿನೊಳಗೇ ದೀಪ ತಾಗಿಸಬಹುದು. ಟಿಟ್ಟಿಭ, ರೀವ (ಟರ್ನ್) ಮೊದಲಾದ ನೆಲಗೂಡಿನ ಹಕ್ಕಿಗಳ ಮೇಲೆ ಕೆಲಸ ಮಾಡುವವರು ಆ ಹಣವನ್ನು ಉಳಿಸಿ, ಒಂದು ಪಾರದರ್ಶಕ ಲೋಟ, ಕುದಿಸಿ ಆರಿಸಿ ಫ್ಲಾಸ್ಕಿನಲ್ಲಿ ತುಂಬಿಟ್ಟ ನೀರು, ಓರೆಯ ಕೋನ ನೋಡಲು ಶಾಲಾಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒರೆಸಲು ಹತ್ತಿ ಬಟ್ಟೆ ಇಷ್ಟನ್ನು ಚೀಲದಲ್ಲಿ ಇಟ್ಟುಕೊಂಡರೆ ಸಾಕು.